ಕೇಸಿಗೆ ಸಿಕ್ಕ ಮಗುವಿನ ಜೊತೆ ನಿಲ್ಲುವುದು ಹೇಗೆ: ವೀಕ್ಷಣಾಲಯದಿಂದ ಮನೆಯವರೆಗೆ

ಹದಿನಾರು ವರ್ಷದ ಹುಡುಗನೊಬ್ಬ ಬೈಕ್ ಕಳ್ಳತನದ ಕೇಸಿನಲ್ಲಿ ಸಿಕ್ಕಿಬಿದ್ದ ಅಂದುಕೊಳ್ಳಿ. ಇದ್ದಕ್ಕಿದ್ದಂತೆ ಅವನ ಸುತ್ತ ಬೇಕಾದಷ್ಟು ದೊಡ್ಡವರು ಬಂದು ನಿಲ್ಲುತ್ತಾರೆ. ಪೊಲೀಸರು, ಇಂಥ ಕೇಸು ನೋಡುವ ಬಾಲ ನ್ಯಾಯ ಮಂಡಳಿಯವರು, ವಕೀಲರು, ಮಗುವಿನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ವರದಿ ಕೊಡುವ ಪರಿವೀಕ್ಷಣಾಧಿಕಾರಿ, ಆಪ್ತಸಮಾಲೋಚಕರು. ಕೇಸ್ ಮುಗಿಯಿತು ಅಂದರೆ ಅಷ್ಟೂ ಜನ ಮುಂದಿನ ಫೈಲಿಗೆ ಹೋಗುತ್ತಾರೆ. ಅದು ಅವರ ತಪ್ಪಲ್ಲ, ಅವರ ಮೇಜಿನ ಮೇಲೆ ಇನ್ನೂ ಎಷ್ಟೋ ಮಕ್ಕಳ ಫೈಲ್ ಇರುತ್ತದೆ. ಆದರೆ ಹುಡುಗ ಮತ್ತೆ ಅದೇ ಗಲ್ಲಿಗೆ, ಅದೇ ಗೆಳೆಯರ ಮಧ್ಯೆ, ಖಾಲಿ ಕೈಯಲ್ಲಿ ವಾಪಸ್ ಬಂದಿರುತ್ತಾನೆ. ಅವನಿಗೆ ಒಬ್ಬ ದೊಡ್ಡವರ ಅಗತ್ಯ ಅತಿ ಹೆಚ್ಚು ಇರುವುದು ಆಗಲೇ.

ಆ ಜಾಗದಲ್ಲಿ ನಿಲ್ಲಬೇಕು ಅನ್ನುವವರಿಗಾಗಿ ಈ ಬರಹ. ಸಮಾಜಕಾರ್ಯ ಓದುತ್ತಿರುವವರು, ಶಿಕ್ಷಕರು, ನಿವೃತ್ತರು, ವಾರಕ್ಕೆ ಅರ್ಧ ದಿನ ಬಿಡುವು ಮಾಡಿಕೊಳ್ಳಬಲ್ಲ ಯಾರೇ ಆದರೂ ಈ ಕೆಲಸ ಮಾಡಬಹುದು. ನಾನು ಬರೆಯುತ್ತಿರುವುದು ಕರ್ನಾಟಕದ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾನೂನು ಮಾತ್ರ ಇಡೀ ದೇಶಕ್ಕೆ ಒಂದೇ.

1. ಮೊದಲು ಕಾನೂನಿನ ದಾರಿ ಗೊತ್ತಿರಲಿ

ವಕೀಲರಷ್ಟು ಗೊತ್ತಿರಬೇಕಾಗಿಲ್ಲ. ಆದರೆ ಮಗು ಈಗ ಯಾವ ಮೆಟ್ಟಿಲಲ್ಲಿದೆ, ಮುಂದೆ ಏನಾಗುತ್ತದೆ ಅನ್ನುವುದು ಗೊತ್ತಿಲ್ಲದಿದ್ದರೆ ಅದರ ಭಯ ಕಡಿಮೆ ಮಾಡಲು ನಿಮ್ಮಿಂದ ಆಗುವುದಿಲ್ಲ.

ಈಗ ಜಾರಿಯಲ್ಲಿರುವುದು 2015ರ ಬಾಲ ನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಗೆ ಬಂತು, 2021ರಲ್ಲಿ ತಿದ್ದುಪಡಿಯಾಯಿತು. ಕೃತ್ಯ ನಡೆದ ದಿನ ಹದಿನೆಂಟು ತುಂಬಿರದ ಎಲ್ಲರೂ ಈ ಕಾಯ್ದೆಯ ಕಣ್ಣಿಗೆ ಮಕ್ಕಳೇ. ಸಿಕ್ಕಿದ ದಿನದ ವಯಸ್ಸು ಲೆಕ್ಕಕ್ಕಿಲ್ಲ, ಘಟನೆಯ ದಿನದ ವಯಸ್ಸೇ ಲೆಕ್ಕ.

ಮಗುವನ್ನು ವಶಕ್ಕೆ ಪಡೆದರೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಕೈಕೋಳ ಹಾಕುವಂತಿಲ್ಲ. ಹೇಳಿಕೆಗೆ ಸಹಿ ಮಾಡು ಎಂದು ಕೇಳುವಂತಿಲ್ಲ. ಪ್ರತಿ ಠಾಣೆಯಲ್ಲೂ ಎಎಸ್‌ಐಗಿಂತ ಕೆಳಗಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧದ ಆರೋಪ ಇದ್ದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ ಆರೋಪ ಇದ್ದರೆ ಮಾತ್ರ ಎಫ್‌ಐಆರ್. ಉಳಿದ ಪ್ರಕರಣಗಳಲ್ಲಿ ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯ ಜೊತೆ ಮಂಡಳಿಗೆ ಕಳಿಸಬೇಕು.

ಮಂಡಳಿಯಲ್ಲಿ ಮೂವರು ಇರುತ್ತಾರೆ: ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜಕಾರ್ಯಕರ್ತರು. ಆ ಇಬ್ಬರಲ್ಲಿ ಕನಿಷ್ಠ ಒಬ್ಬರು ಮಹಿಳೆ. ವಿಚಾರಣೆ ನಾಲ್ಕು ತಿಂಗಳೊಳಗೆ ಮುಗಿಯಬೇಕು, ಮಂಡಳಿ ತಾನಾಗಿ ಹೆಚ್ಚೆಂದರೆ ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧದ ಪ್ರಕರಣ ಅಷ್ಟರಲ್ಲೂ ಮುಗಿಯದಿದ್ದರೆ ವಿಚಾರಣೆಯನ್ನೇ ಕೈಬಿಡಬೇಕು.

ಕನಿಷ್ಠ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವನ್ನು ಕಾಯ್ದೆ ‘ಘೋರ’ ಎನ್ನುತ್ತದೆ. ಅಂಥ ಆರೋಪ ಹೊತ್ತವರಿಗೆ ಹದಿನಾರು ತುಂಬಿದ್ದರೆ ದೊಡ್ಡವರ ಹಾಗೆ ವಿಚಾರಣೆ ಮಾಡಬೇಕೇ ಎಂದು ಮಂಡಳಿ ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಆಮೇಲೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಆಗಲೂ ಗಲ್ಲು ಇಲ್ಲ, ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯೂ ಇಲ್ಲ.

2. ಒಳಗೆ ಹೋಗಲು ಅನುಮತಿ

ವೀಕ್ಷಣಾಲಯ ಅಂದರೆ ವಿಚಾರಣೆ ನಡೆಯುವಾಗ ಮಕ್ಕಳನ್ನು ಇಡುವ ಜಾಗ. ಮಂಡಳಿಯ ಆದೇಶವಾದ ಮೇಲೆ ಕಳಿಸುವುದು ವಿಶೇಷ ಗೃಹಕ್ಕೆ. ಎರಡಕ್ಕೂ ಸುಮ್ನೆ ಹೋಗಿ ಬಾಗಿಲು ತಟ್ಟುವ ಹಾಗಿಲ್ಲ.

ಮೊದಲು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಬರುತ್ತದೆ. ಅಲ್ಲಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ಇರುತ್ತಾರೆ. ಅವರಿಗೆ ಒಂದು ಪುಟದ ಪತ್ರ ಕೊಡಿ. ನೀವು ಯಾರು, ವಾರದಲ್ಲಿ ಯಾವ ದಿನ ಬರುತ್ತೀರಿ, ಎಷ್ಟು ತಿಂಗಳು ಬರುತ್ತೀರಿ, ಏನು ಮಾಡುತ್ತೀರಿ ಅಷ್ಟೇ ಸಾಕು. ಜೊತೆಗೆ ಗುರುತಿನ ಚೀಟಿ, ಪೊಲೀಸ್ ಪರಿಶೀಲನಾ ಪತ್ರ, ಪರಿಚಯ ಇರುವ ಇಬ್ಬರ ಹೆಸರು. ಕೇಳುವ ಮೊದಲೇ ಕೊಟ್ಟುಬಿಡಿ. ಮಕ್ಕಳ ಜೊತೆ ಕೆಲಸ ಮಾಡಲು ಬರುವವರನ್ನು ಇಲಾಖೆ ಅನುಮಾನದಿಂದ ನೋಡುವುದು ಸರಿಯೇ, ಬೇಜಾರು ಮಾಡಿಕೊಳ್ಳಬೇಡಿ.

ಪತ್ರದಲ್ಲಿ ‘ಹುಟ್ಟುಹಬ್ಬ ಆಚರಿಸುತ್ತೇವೆ, ಕೇಕ್ ಹಂಚುತ್ತೇವೆ’ ಎಂದು ಮಾತ್ರ ಬರೆಯಬೇಡಿ. ಹೀಗೆ ಒಂದು ದಿನ ಬಂದು ಹೋಗುವವರಿಗೆ ಕೊರತೆಯಿಲ್ಲ. ಆರು ತಿಂಗಳು ಬರುವೆನೆಂದು ಬರೆದು, ಆರು ತಿಂಗಳು ಬಂದರೆ ಅಲ್ಲಿನ ಅಧೀಕ್ಷಕರೇ ನಿಮ್ಮನ್ನು ಕಾಯುತ್ತಾರೆ. ಅಷ್ಟು ಸಮಯ ಕೊಡಲಾಗದಿದ್ದರೆ ಮಕ್ಕಳ ಹತ್ತಿರ ನೇರವಾಗಿ ಹೋಗುವ ಕೆಲಸ ಬೇಡ. ಪುಸ್ತಕ ಕೊಡಿಸಿ, ಹೊರಗೆ ಕೆಲಸ ಹುಡುಕಿಕೊಡಿ, ಅರ್ಜಿ ಬರೆಯಲು ನೆರವಾಗಿ. ಅವೂ ಬೇಕಾದ ಕೆಲಸಗಳೇ.

ಹೋಗುವ ಮೊದಲು ತರಬೇತಿ ಪಡೆದರೆ ಒಳ್ಳೆಯದು. ಕಷ್ಟದಲ್ಲಿರುವ ಮಕ್ಕಳ ಮನಸ್ಸಿನ ಆರೋಗ್ಯಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಸಂವಾದ್’ ಎಂಬ ಕಾರ್ಯಕ್ರಮ ಇದೆ. ಈ ಮಕ್ಕಳ ಜೊತೆ ಮಾತಾಡುವುದು ಹೇಗೆ ಎಂಬ ಬಗ್ಗೆ ಅದು ಸಾಮಗ್ರಿ ತಯಾರಿಸಿದೆ, ತರಬೇತಿಯನ್ನೂ ಕೊಡುತ್ತದೆ.

3. ಮೊದಲ ಭೇಟಿಗಳು: ಕೇಳಬಾರದ ಪ್ರಶ್ನೆ

‘ಏನಪ್ಪಾ ಮಾಡಿದೆ? ಯಾಕೆ ಬಂದೆ ಇಲ್ಲಿಗೆ?’ ಇದೇ ಬಾಯಿಗೆ ಮೊದಲು ಬರುವ ಪ್ರಶ್ನೆ. ಕೇಳಲೇಬೇಡಿ.

ಎರಡು ಕಾರಣ. ಠಾಣೆಯಿಂದ ಹಿಡಿದು ಮಂಡಳಿಯವರೆಗೆ ಎಲ್ಲರೂ ಅವನನ್ನು ಅದನ್ನೇ ಕೇಳಿದ್ದಾರೆ. ನೀವೂ ಕೇಳಿದರೆ ಅವನ ಲೆಕ್ಕದಲ್ಲಿ ನೀವೂ ಅವರಲ್ಲೊಬ್ಬರು. ಎರಡನೆಯದು ಇನ್ನೂ ಗಂಭೀರ. ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ನಿಮಗೆ ಹೇಳಿದ ಮಾತಿಗೆ ಇಲ್ಲ. ಘಟನೆಯ ವಿವರ ನಿಮ್ಮ ನೋಟ್‌ಬುಕ್ಕಿನಲ್ಲಿ ಇದ್ದರೆ ಅದು ನಾಳೆ ಆ ಮಗುವಿನ ವಿರುದ್ಧವೇ ಬಳಕೆಯಾಗಬಹುದು. ಅವನೇ ಹೇಳಲು ಹೊರಟರೆ ಮೆಲ್ಲಗೆ ತಡೆಯಿರಿ. ‘ಅದನ್ನು ನಿನ್ನ ಲಾಯರ್ ಹತ್ತಿರ ಹೇಳು. ನಾನು ಬಂದಿರೋದು ನಿನ್ನನ್ನ ನೋಡೋಕೆ, ಕೇಸ್ ನೋಡೋಕೆ ಅಲ್ಲ’ ಅಂದರೆ ಸಾಕು.

ಹಾಗಾದರೆ ಏನು ಕೇಳಬೇಕು? ಊಟ ಆಯ್ತಾ, ರಾತ್ರಿ ನಿದ್ದೆ ಬರುತ್ತಾ, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾವ ಆಟ ಇಷ್ಟ. ನಿದ್ದೆಯ ಪ್ರಶ್ನೆ ಮಾತ್ರ ಪ್ರತಿ ಸಲವೂ ಕೇಳಿ. ಉತ್ತರದಲ್ಲಿ ತುಂಬಾ ವಿಷಯ ಇರುತ್ತದೆ. ಗಾಂಜಾ, ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಅಭ್ಯಾಸ ಇದ್ದ ಮಗುವಿಗೆ ಅದು ತಟ್ಟನೆ ನಿಂತಾಗ ನಿದ್ದೆ ಹೋಗುತ್ತದೆ, ಕೈ ನಡುಗುತ್ತದೆ, ಚಿಕ್ಕದಕ್ಕೂ ಸಿಟ್ಟು ಬರುತ್ತದೆ. ಸಿಬ್ಬಂದಿಗೆ ಅದು ಹಠವಾಗಿ ಕಾಣಬಹುದು. ನಿಮ್ಮ ಗಮನಕ್ಕೆ ಬಂದರೆ ಅಧೀಕ್ಷಕರಿಗೆ ಹೇಳಿ, ಡಾಕ್ಟರಿಗೆ ತೋರಿಸಲು ಒತ್ತಾಯಿಸಿ.

ಗುಟ್ಟಿನ ವಿಚಾರದಲ್ಲಿ ಮೊದಲ ದಿನವೇ ನೇರವಾಗಿರಿ. ‘ನೀನು ಹೇಳಿದ್ದನ್ನ ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ವರದಿ ಮಾಡುವುದು ಪೋಕ್ಸೊ ಕಾಯ್ದೆಯ ಪ್ರಕಾರ ನಿಮ್ಮ ಕಡ್ಡಾಯ ಹೊಣೆ. ಮಾಡದಿದ್ದರೆ ಶಿಕ್ಷೆಯೂ ಇದೆ. ಹೀಗೆ ಹೇಳಿ: ‘ನಿನಗೆ ಅಥವಾ ಇನ್ನೊಬ್ಬರಿಗೆ ಅಪಾಯ ಆಗೋ ವಿಷಯ ಇದ್ರೆ ನಾನು ದೊಡ್ಡವರಿಗೆ ಹೇಳಲೇಬೇಕು. ಹೇಳೋ ಮೊದಲು ನಿನಗೆ ತಿಳಿಸ್ತೀನಿ. ಉಳಿದದ್ದು ನಮ್ಮಿಬ್ಬರ ನಡುವೆಯೇ ಇರುತ್ತೆ.’

ಮಕ್ಕಳು ನಿಮ್ಮನ್ನು ಅಣ್ಣ, ಅಕ್ಕ ಎಂದು ಕರೆಯತೊಡಗುತ್ತಾರೆ. ಆ ಕರೆಗೆ ತಕ್ಕ ಹಾಗೆ ನಡೆದುಕೊಳ್ಳಿ. ಮುಂದಿನ ಶನಿವಾರ ಬರುತ್ತೇನೆ ಅಂದರೆ ಬರಲೇಬೇಕು. ಆಗದಿದ್ದರೆ ಮೊದಲೇ ಫೋನ್ ಮಾಡಿ ಸಿಬ್ಬಂದಿಯ ಮೂಲಕ ತಿಳಿಸಿ. ಈ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮಾತು ತಪ್ಪಿದ ದೊಡ್ಡವರ ಅನುಭವ ಮಾತ್ರ ಚೆನ್ನಾಗಿದೆ.

ಫೋಟೊ ಬೇಡ. ಸ್ಟೇಟಸ್ ಬೇಡ. ಮುಖ ಮಸುಕು ಮಾಡಿ ಹಾಕಿದರೂ ಬೇಡ. ಹೆಸರು, ವಿಳಾಸ, ಶಾಲೆ, ಮಗುವಿನ ಗುರುತು ಹತ್ತುವಂಥ ಯಾವ ವಿವರವನ್ನು ಬಹಿರಂಗ ಮಾಡಿದರೂ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಬೀಳಬಹುದು.

4. ಒಳಗೆ ಮಾಡಬಹುದಾದ ಕೆಲಸ

ಇದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಓದು ಬರಹ, ಲೆಕ್ಕ, ಕೇರಂ, ಚಿತ್ರ, ಕತೆ ಓದುವುದು ಯಾವುದಾದರೂ ಆದೀತು. ಒಂದು ವಿಷಯ ಮಾತ್ರ ನೆನಪಿರಲಿ. ಮಕ್ಕಳು ಇಲ್ಲಿ ಎಷ್ಟು ದಿನ ಇರುತ್ತಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಒಂದೇ ಭೇಟಿಯಲ್ಲಿ ಮುಗಿಯುವಂಥದ್ದನ್ನು ಆರಿಸಿ. ಹತ್ತು ವಾರದ ಪಾಠ ಯೋಜಿಸಿದರೆ ಮೂರನೇ ವಾರಕ್ಕೆ ಮುಂದೆ ಕೂತಿರುವುದು ಬೇರೆಯೇ ಮಕ್ಕಳು.

ಕೆಲವರಿಗೆ ಸಲೀಸಾಗಿ ಓದಲು ಬರುವುದಿಲ್ಲ, ಆದರೆ ಅದನ್ನು ಒಪ್ಪಿಕೊಳ್ಳಲು ನಾಚಿಕೆ. ಎಲ್ಲರ ಮುಂದೆ ಓದಿಸಬೇಡಿ. ಮನೆಗೆ ಒಂದು ಪತ್ರ ಬರೆಯೋಣವಾ ಎಂದು ಕೇಳಿ, ಪಕ್ಕದಲ್ಲಿ ಕೂತು ಬರೆಸಿ. ಅಕ್ಷರ ಕಲಿಯಲು ಅವ್ವನಿಗೆ ಬರೆಯುವ ಪತ್ರಕ್ಕಿಂತ ಒಳ್ಳೆಯ ಪಠ್ಯ ನಾನು ನೋಡಿಲ್ಲ.

ಒಳಗೆ ಹೊಡೆತ, ಹಿಂಸೆ ನಡೆಯುತ್ತಿದೆ ಎಂಬ ಸುಳಿವು ಸಿಕ್ಕರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ನೀವು ಹೊರಟ ಮೇಲೆ ಮಗು ಅಲ್ಲೇ ಇರಬೇಕು. ದಿನಾಂಕ ಹಾಕಿ ಬರೆದುಕೊಳ್ಳಿ. ಮಂಡಳಿಯ ಮ್ಯಾಜಿಸ್ಟ್ರೇಟರಿಗೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಡಿ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು. ಮಕ್ಕಳ ಮೇಲಿನ ಕ್ರೌರ್ಯಕ್ಕೆ 75ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯವರೇ ಮಾಡಿದರೆ ಶಿಕ್ಷೆ ಇನ್ನೂ ಹೆಚ್ಚು.

5. ಜಾಮೀನು, ವಯಸ್ಸು, ಮನೆಯವರು

ಇಲ್ಲಿ ನೀವು ಮಾಡುವ ಓಡಾಟದಿಂದ ಮಗು ವಾರಗಟ್ಟಲೆ ಮೊದಲೇ ಮನೆಗೆ ಹೋಗಬಹುದು.

ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಗುವಿಗೆ ಜಾಮೀನು ಕೊಡುವುದೇ ನಿಯಮ. ದೊಡ್ಡವರಿಗೆ ಜಾಮೀನು ಸಿಗದ ಅಪರಾಧವಾದರೂ ಸರಿ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಆಗುತ್ತದೆ, ಅಥವಾ ನ್ಯಾಯಕ್ಕೆ ಅಡ್ಡಿಯಾಗುತ್ತದೆ ಎಂದು ನಂಬಲು ಕಾರಣ ಇದ್ದರೆ ಮಾತ್ರ ನಿರಾಕರಿಸಬಹುದು. ಆ ಕಾರಣವನ್ನೂ ಬರೆಯಬೇಕು. ಶ್ಯೂರಿಟಿ ಇಲ್ಲದೆಯೂ ಬಿಡಬಹುದು. ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲೋ, ಯೋಗ್ಯ ವ್ಯಕ್ತಿಯೊಬ್ಬರ ಆರೈಕೆಯಲ್ಲೋ ಬಿಡಬಹುದು.

ಜಾಮೀನು ಆಗಿಯೂ ಮಗು ಒಳಗೇ ಉಳಿಯುವುದುಂಟು. ಶ್ಯೂರಿಟಿ ಕೊಡುವವರಿಲ್ಲ, ಅಪ್ಪ ಅಮ್ಮ ಬಂದಿಲ್ಲ. ಆದೇಶವಾಗಿ ಏಳು ದಿನದೊಳಗೆ ಷರತ್ತು ಪೂರೈಸಲು ಆಗದಿದ್ದರೆ, ಷರತ್ತು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಇದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಎಂಟನೇ ದಿನ ಕಾನೂನು ನೆರವಿನ ವಕೀಲರಿಗೆ ಫೋನ್ ಮಾಡಿ ನೆನಪಿಸಿ. ಎಲ್ಲ ಮಕ್ಕಳಿಗೂ ಉಚಿತ ವಕೀಲರು ಸಿಗುತ್ತಾರೆ, ಮನೆಯವರ ಆದಾಯ ಎಷ್ಟಿದ್ದರೂ. ಕಾನೂನು ನೆರವಿನ ಸಹಾಯವಾಣಿ 15100.

ವಯಸ್ಸಿನ ಕಾಗದ ಎರಡನೇ ಗಂಟು. 94ನೇ ಸೆಕ್ಷನ್ ಒಂದು ಕ್ರಮ ಹಾಕಿದೆ. ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ! ಅಂಥ ಕಡೆ ದಾಖಲೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಓದಿದ ಶಾಲೆಗೇ ಹೋಗಿ ದಾಖಲಾತಿ ಪುಸ್ತಕದ ಪ್ರತಿ ತರಲು ಮನೆಯವರಿಗೆ ನೆರವಾಗಿ. ಮಗುವೇ ಅಲ್ಲ ಎಂದು ಜೈಲಿಗೆ ಕಳಿಸಿಬಿಟ್ಟಿದ್ದರೂ ವಯಸ್ಸಿನ ಪ್ರಶ್ನೆಯನ್ನು ಯಾವ ಹಂತದಲ್ಲಿ ಬೇಕಾದರೂ ಎತ್ತಬಹುದು. ಕೇಸ್ ಪೂರ್ತಿ ಮುಗಿದ ಮೇಲೂ.

ಇನ್ನು ಮನೆಯವರು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬವೊಂದನ್ನು ನೆನೆಸಿಕೊಳ್ಳಿ. ಮಂಡಳಿಗೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ. ಬಂದರೆ ಎಲ್ಲಿ ಕೂರಬೇಕು, ಯಾರನ್ನು ಕೇಳಬೇಕು ಗೊತ್ತಾಗುವುದಿಲ್ಲ. ಜೊತೆಗೆ ಅವಮಾನ. ಬಾರದೇ ಉಳಿದರೆ ಫೈಲಿನಲ್ಲಿ ‘ಪೋಷಕರಿಗೆ ಆಸಕ್ತಿ ಇಲ್ಲ’ ಎಂದಾಗುತ್ತದೆ. ಆ ತಾಯಿಗೆ ಹಿಂದಿನ ದಿನ ಸಂಜೆ ಫೋನ್ ಮಾಡಿ: ‘ಅಮ್ಮಾ, ನಾಳೆ ಹನ್ನೊಂದಕ್ಕೆ ಗೇಟಿನ ಹತ್ತಿರ ಬನ್ನಿ, ನಾನಿರ್ತೀನಿ, ಒಟ್ಟಿಗೆ ಒಳಗೆ ಹೋಗೋಣ.’ ಬಸ್ ನಂಬರ್ ಹೇಳಿ. ತರಬೇಕಾದ ಕಾಗದ ಹೇಳಿ. ಈ ಕೆಲಸಕ್ಕೆ ಯಾವ ಪದವಿಯೂ ಬೇಕಿಲ್ಲ, ಆದರೆ ಮಗು ಮನೆಗೆ ಹೋಗುವುದು ಬಹಳ ಸಲ ಇದರಿಂದಲೇ.

ತಾಯಿಗೆ ಬೈಯಬೇಡಿ. ‘ನೀವು ಸರಿಯಾಗಿ ನೋಡಿಕೊಂಡಿದ್ದರೆ’ ಎಂಬ ಮಾತನ್ನು ಅವರು ಆಗಲೇ ಬೀದಿಯವರ ಬಾಯಲ್ಲಿ ಬೇಕಾದಷ್ಟು ಕೇಳಿರುತ್ತಾರೆ.

ನೀವೇ ಶ್ಯೂರಿಟಿ ನಿಲ್ಲಬೇಕಾ? ಬೇಡ ಎನ್ನುವುದು ನನ್ನ ಅಭಿಪ್ರಾಯ. ಹಣ ಮತ್ತು ಬಾಂಡ್ ನಡುವೆ ಬಂದರೆ ಸಂಬಂಧದ ಬಣ್ಣ ಬದಲಾಗುತ್ತದೆ. ಚಿಕ್ಕಪ್ಪ, ಮೇಸ್ತ್ರಿ, ಹಳೆಯ ಮೇಷ್ಟ್ರು ಯಾರಾದರೂ ಇದ್ದಾರಾ ಎಂದು ಹುಡುಕಿ. ಹುಡುಕಿದರೆ ಸಿಗುತ್ತಾರೆ. ಕೇಸ್ ಮುಗಿದ ಮೇಲೂ ಅವರು ಅಲ್ಲೇ ಇರುತ್ತಾರೆ ಅನ್ನುವುದು ದೊಡ್ಡ ಲಾಭ.

6. ಪರಿವೀಕ್ಷಣಾಧಿಕಾರಿಗೆ ಕೈ ಜೋಡಿಸಿ

ಮಗುವಿನ ಬಗ್ಗೆ ಮಂಡಳಿ ಏನು ತೀರ್ಮಾನ ಮಾಡುತ್ತದೆ ಎಂಬುದು ಬಹುಮಟ್ಟಿಗೆ ಒಂದು ವರದಿಯ ಮೇಲೆ ನಿಂತಿರುತ್ತದೆ. ಅದು ಸಾಮಾಜಿಕ ತನಿಖಾ ವರದಿ. ನಿಯಮಗಳಲ್ಲಿ 6ನೇ ನಮೂನೆ. ಪರಿವೀಕ್ಷಣಾಧಿಕಾರಿ ಇದನ್ನು ಎರಡು ವಾರದೊಳಗೆ ಕೊಡಬೇಕು. ಮನೆ ಹೇಗಿದೆ, ಓದು ಎಲ್ಲಿಗೆ ನಿಂತಿತು, ಗೆಳೆಯರು ಯಾರು, ದುಶ್ಚಟ ಇದೆಯಾ, ದೊಡ್ಡವರು ಯಾರಾದರೂ ಮಗುವನ್ನು ಬಳಸಿಕೊಂಡರಾ, ಮಗುವೇ ಹಿಂಸೆಗೆ ಒಳಗಾಗಿತ್ತಾ, ಎಲ್ಲವೂ ಅದರಲ್ಲಿ ಬರಬೇಕು.

ಎರಡು ವಾರದಲ್ಲಿ ಇಷ್ಟು ತಿಳಿಯುವುದು ಸುಲಭವಲ್ಲ. ಹತ್ತಾರು ಮಕ್ಕಳ ಹೊಣೆ ಇರುವ ಅಧಿಕಾರಿಗೆ ಒಂದೇ ಭೇಟಿಯಲ್ಲಿ ಮುಗಿಸಬೇಕಾದ ಒತ್ತಡ ಇರುತ್ತದೆ. ನಿಮಗೆ ಗೊತ್ತಿರುವುದನ್ನು, ಮಗುವಿನ ಒಪ್ಪಿಗೆ ಪಡೆದು, ಅವರಿಗೆ ತಿಳಿಸಿ. ಮುಖ್ಯವಾಗಿ ಒಳ್ಳೆಯ ಸಂಗತಿಗಳನ್ನು. ತಂಗಿಯನ್ನು ದಿನಾ ಶಾಲೆಗೆ ಬಿಡುತ್ತಿದ್ದ, ವೈರಿಂಗ್ ಕೆಲಸ ಬರುತ್ತದೆ, ಅಜ್ಜಿ ಮಾತು ಕೇಳುತ್ತಾನೆ. ಇಂಥವು ವರದಿಗೆ ಬರದೆ ಹೋದರೆ ಕಾಗದದ ಮೇಲೆ ಉಳಿಯುವುದು ಬರೀ ಅಪರಾಧ. ವರದಿ ಗೋಪ್ಯ, ಅದರ ಪ್ರತಿ ಕೇಳಬೇಡಿ.

ಮಂಡಳಿಯ ದಿನ ಮಗುವಿಗೆ ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ಹೇಳಿಕೊಡಿ. ಕಟಕಟೆ ಇರುವುದಿಲ್ಲ, ಮೇಜಿನ ಆಚೆ ಮೂವರು ಕೂತಿರುತ್ತಾರೆ, ಅರ್ಥವಾಗದಿದ್ದರೆ ‘ಗೊತ್ತಾಗಲಿಲ್ಲ’ ಅನ್ನಬಹುದು. ಏನು ಹೇಳಬೇಕೆಂದು ಮಾತ್ರ ಕಲಿಸಿಕೊಡಬೇಡಿ, ಅದು ವಕೀಲರ ಕೆಲಸ.

ತಪ್ಪು ಸಾಬೀತಾದರೂ ಮಂಡಳಿಯ ಕೈಯಲ್ಲಿ ಹಲವು ದಾರಿಗಳಿವೆ. ಬುದ್ಧಿ ಹೇಳಿ ಮನೆಗೆ ಕಳಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ದಂಡ, ಮೂರು ವರ್ಷದವರೆಗೆ ಪ್ರೊಬೇಷನ್ (ನಡತೆಯ ಮೇಲೆ ನಿಗಾ ಇಟ್ಟು ಹೊರಗೆ ಬಿಡುವುದು), ಕೊನೆಗೆ ಮೂರು ವರ್ಷದವರೆಗೆ ವಿಶೇಷ ಗೃಹ. ಶಾಲೆಗೆ ಹೋಗಬೇಕು, ತರಬೇತಿ ಪಡೆಯಬೇಕು, ವ್ಯಸನಮುಕ್ತಿ ಚಿಕಿತ್ಸೆಗೆ ಹೋಗಬೇಕು ಎಂದೂ ಸೇರಿಸಬಹುದು. ಆ ಹೊತ್ತಿಗೆ ಪರಿವೀಕ್ಷಣಾಧಿಕಾರಿಯ ಕೈಯಲ್ಲಿ ಗಟ್ಟಿಯಾದ ಯೋಜನೆ ಇದ್ದರೆ, ಅಂದರೆ ಈ ಶಾಲೆ ಸೇರಿಸಿಕೊಳ್ಳುತ್ತದೆ, ಈ ಐಟಿಐಗೆ ಅರ್ಜಿ ಹಾಕಿದೆ ಎಂಬಂಥದ್ದು, ಮಗು ಮನೆಯಲ್ಲೇ ಉಳಿಯುವ ಸಾಧ್ಯತೆ ಹೆಚ್ಚು.

ಎರಡು ಬಗೆಯ ಕೇಸುಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಒಂದು, ಪ್ರೀತಿಸಿ ಓಡಿಹೋದ ಹದಿಹರೆಯದವರ ಪೋಕ್ಸೊ ಪ್ರಕರಣಗಳು. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ ಅವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹುಡುಗನೂ ಮಗುವೇ, ಆದರೂ ಆರೋಪ ಘೋರ. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇಂಥ ಪ್ರಕರಣಗಳನ್ನು ನೋಡಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡಬೇಕು ಎಂದು ಕಾನೂನು ಆಯೋಗಕ್ಕೆ ಹೇಳಿತ್ತು. ಕಾನೂನು ಬದಲಾಗಿಲ್ಲ. ಅಂಥ ಹುಡುಗನ ಪರವಾಗಿ ಹುಡುಗಿಗೆ ಸಂದೇಶ ಮುಟ್ಟಿಸುವ ಕೆಲಸ ಎಂದಿಗೂ ಮಾಡಬೇಡಿ. ಎಷ್ಟು ಅತ್ತರೂ ಬೇಡ. ಸಾಕ್ಷಿಯ ಮೇಲೆ ಪ್ರಭಾವ ಬೀರಿದಂತಾಗಿ ಅವನ ಜಾಮೀನಿಗೇ ಕುತ್ತು ಬರುತ್ತದೆ, ಆ ಹುಡುಗಿಯ ಮೇಲೂ ಒತ್ತಡ ಬೀಳುತ್ತದೆ.

ಇನ್ನೊಂದು, ಬೈಕ್ ವೀಲಿಂಗ್ ಮತ್ತು ಲೈಸೆನ್ಸ್ ಇಲ್ಲದ ಚಾಲನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಗಾಡಿ ಕೊಟ್ಟ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆ. ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಮುಂದೆ ಡ್ರೈವರ್ ಆಗಬೇಕು, ಡೆಲಿವರಿ ಕೆಲಸ ಮಾಡಬೇಕು ಎಂದುಕೊಂಡ ಹುಡುಗನಿಗೆ ಇದು ದೊಡ್ಡ ಹೊಡೆತ. ಬೇರೆ ಕೆಲಸದ ಯೋಚನೆ ಬೇಗ ಶುರು ಮಾಡಿ.

7. ಬಿಡುಗಡೆಯ ನಂತರ

ನಿಮ್ಮ ಶಕ್ತಿಯ ಮುಕ್ಕಾಲು ಪಾಲು ಇಲ್ಲಿಗೆ ಇಟ್ಟುಕೊಳ್ಳಿ. ಒಳಗೆ ಹತ್ತು ಮಕ್ಕಳ ಜೊತೆ ಆಡಿ ಬರುವುದಕ್ಕಿಂತ ಹೊರಬಂದ ಇಬ್ಬರ ಜೊತೆ ಒಂದು ವರ್ಷ ನಿಲ್ಲುವುದು ಮೇಲು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹೊರಗೆ ಭೇಟಿಯಾಗಲು ಮೊದಲು ಮನೆಯವರ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆ ಬೇಕು, ಪರಿವೀಕ್ಷಣಾಧಿಕಾರಿಗೆ ಗೊತ್ತಿರಬೇಕು. ಮನೆಯಲ್ಲೋ, ಗ್ರಂಥಾಲಯದಲ್ಲೋ, ಟೀ ಅಂಗಡಿಯಲ್ಲೋ, ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲೇ ಸಿಗಿ. ಅಕ್ಕಪಕ್ಕದವರು ಯಾರು ಅಂತ ಕೇಳಿದರೆ ಏನು ಹೇಳಬೇಕೆಂದು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ‘ಟ್ಯೂಷನ್ ಮೇಡಂ’ ಅಂದರೂ ಸಾಕು.

ಮೊದಲ ವಾರ ಏನೂ ಕೆಲಸ ಹೇಳಬೇಡಿ. ಮನೆ ಊಟ ಮಾಡಲಿ, ಮಲಗಲಿ. ಎರಡನೇ ವಾರದಿಂದ ದಿನಕ್ಕೊಂದು ಕ್ರಮ ಬೇಕು. ಬೆಳಗ್ಗೆ ಏಳಲು ಒಂದು ಕಾರಣ ಇಲ್ಲದ ಹುಡುಗನಿಗೆ ಹಳೆಯ ಗೆಳೆಯರ ಫೋನೇ ಕಾರಣವಾಗುತ್ತದೆ.

ಓದು ಬಿಟ್ಟವರಿಗೆ ಎರಡು ದಾರಿ ಇವೆ. ಹಳೆಯ ಶಾಲೆಗೇ ವಾಪಸ್ ಹೋಗುವುದು, ಅಥವಾ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್) ಮೂಲಕ ಪರೀಕ್ಷೆ ಕಟ್ಟುವುದು. ಹಳೆಯ ಶಾಲೆಯಲ್ಲಿ ವಿಷಯ ಹರಡಿದ್ದರೆ ಹೋಗುವ ಒತ್ತಾಯ ಮಾಡಬೇಡಿ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡುವಾಗ ಕೇಸಿನ ವಿಷಯ ಎತ್ತಬೇಕಾಗಿಲ್ಲ. ‘ಮನೆ ತೊಂದರೆಯಿಂದ ಕೆಲವು ತಿಂಗಳು ಬರಲಾಗಲಿಲ್ಲ’ ಎನ್ನುವುದು ಸುಳ್ಳೂ ಅಲ್ಲ. ಎಸ್ಸೆಸ್ಸೆಲ್ಸಿ ಒಂದಾದರೆ ಐಟಿಐನ ಬಾಗಿಲು ತೆರೆಯುತ್ತದೆ. ಹದಿನೆಂಟಾದ ಮೇಲೆ ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಉಚಿತ ತರಬೇತಿ ಸಿಗುತ್ತದೆ. ಇಡೀ ದೇಶ ಅನುಸರಿಸಿದ ಈ ಮಾದರಿ ಶುರುವಾದದ್ದು 1982ರಲ್ಲಿ, ನಮ್ಮ ಉಜಿರೆಯಲ್ಲೇ.

ಕೆಲಸಕ್ಕೇ ಹೋಗುತ್ತೇನೆ ಅನ್ನುವವರು ಜಾಸ್ತಿ. ಮನೆಯಲ್ಲಿ ಸಾಲ ಇರುತ್ತದೆ, ವಕೀಲರ ಖರ್ಚು ಆಗಿರುತ್ತದೆ. ಹದಿನಾಲ್ಕು ತುಂಬಿದವರು ಅಪಾಯಕಾರಿಯಲ್ಲದ ಕೆಲಸ ಮಾಡಬಹುದು. ಆದರೆ ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಸಂಜೆ ಏಳರಿಂದ ಬೆಳಗ್ಗೆ ಎಂಟರವರೆಗೆ ಮಾಡಿಸುವಂತಿಲ್ಲ. ಮಾಲೀಕರ ಹತ್ತಿರ ನೀವೇ ಹೋಗಿ ಮಾತಾಡಿ. ಸಂಬಳ ಯಾವ ದಿನ, ಯಾರ ಕೈಗೆ ಎಂದು ಕೇಳಿ. ಸಂಬಳ ತಡವಾದ ತಿಂಗಳಲ್ಲೇ ಹಳೆಯ ದಾರಿ ಕರೆಯುತ್ತದೆ.

ಸರ್ಕಾರದ ಹಣಕಾಸಿನ ನೆರವೂ ಇದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಕಷ್ಟದಲ್ಲಿರುವ ಕುಟುಂಬದ ಮಗು ಮನೆಯಲ್ಲೇ ಬೆಳೆಯಲಿ ಎಂದು ಪ್ರಾಯೋಜಕತ್ವದ ಹೆಸರಿನಲ್ಲಿ ತಿಂಗಳಿಗೆ 4,000 ರೂಪಾಯಿ ಕೊಡುವ ಅವಕಾಶ ಇದೆ. ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಅನುಪಾಲನೆಯ, ಅಂದರೆ ಹೊರಬಂದ ನಂತರದ ಆರೈಕೆಯ, ನೆರವು ಸಿಗಬಹುದು. ಎರಡಕ್ಕೂ ಅರ್ಜಿ ಹಾಕುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲೇ. ಎಲ್ಲರಿಗೂ ಸಿಗುವುದಿಲ್ಲ, ಆದರೆ ಅರ್ಜಿಯನ್ನೇ ಹಾಕದವರು ಬಹಳ. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ, ಆಧಾರ್, ಶಾಲಾ ಪತ್ರ ಮೊದಲೇ ತಯಾರಿರಲಿ. ನಿಮ್ಮ ಜೇಬಿನಿಂದ ನಗದು ಕೊಡಬೇಡಿ. ಪರೀಕ್ಷಾ ಶುಲ್ಕ ಕಟ್ಟಬೇಕಿದ್ದರೆ ನೇರವಾಗಿ ಕಟ್ಟಿ.

ದುಶ್ಚಟ ಇದ್ದವರಿಗೆ ಬುದ್ಧಿಮಾತು ಸಾಲದು, ಚಿಕಿತ್ಸೆ ಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416. ಎರಡಕ್ಕೂ ದುಡ್ಡಿಲ್ಲ. ಮೊದಲ ಸಲ ನೀವೇ ಜೊತೆಗೆ ಹೋಗಿ, ಹೊರರೋಗಿ ಚೀಟಿ ಮಾಡಿಸಿ, ಸರದಿಯಲ್ಲಿ ಕೂತುಕೊಳ್ಳಿ. ಒಬ್ಬನೇ ಹೋಗು ಅಂದರೆ ಹೋಗುವುದಿಲ್ಲ.

ಹೆಣ್ಣುಮಕ್ಕಳ ಸಂಖ್ಯೆ ಈ ವ್ಯವಸ್ಥೆಯಲ್ಲಿ ಕಡಿಮೆ. ಆದರೆ ಅವರಿಗೆ ವಾಪಸ್ ಹೋಗುವುದು ಇನ್ನೂ ಕಷ್ಟ. ಮನೆಯವರು ಕರೆದುಕೊಂಡು ಹೋಗುವುದೇ ಇಲ್ಲ, ಇಲ್ಲವೇ ತಕ್ಷಣ ಮದುವೆಯ ಮಾತು ಶುರುವಾಗುತ್ತದೆ. ಆ ಸುಳಿವು ಸಿಕ್ಕರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಿ.

ಮಗುವಿನ ಊರು ಬೇರೆ ಜಿಲ್ಲೆಯಾದರೆ ಹೊರಡುವ ಮೊದಲೇ ಇಲ್ಲಿನ ಪರಿವೀಕ್ಷಣಾಧಿಕಾರಿ ಆ ಜಿಲ್ಲೆಯ ಘಟಕಕ್ಕೆ ಪತ್ರ ಬರೆಯುವಂತೆ ಕೇಳಿಕೊಳ್ಳಿ. ಹೆಸರು ಗೊತ್ತಿರುವ ಒಬ್ಬ ಅಧಿಕಾರಿ ಅಲ್ಲಿ ಇದ್ದಾರೆಂದು ತಾಯಿಗೆ ತಿಳಿದಿರಬೇಕು. ನೀವು ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಿ.

8. ಮತ್ತೆ ಸಿಕ್ಕಿಬಿದ್ದರೆ

ಕೆಲವರು ಸಿಕ್ಕಿಬೀಳುತ್ತಾರೆ. ಇದಕ್ಕೆ ಮೊದಲೇ ಮನಸ್ಸು ಸಿದ್ಧಮಾಡಿಕೊಳ್ಳಿ. ‘ಇಷ್ಟು ಮಾಡಿದ್ದಕ್ಕೆ ಇದಾ ಬಹುಮಾನ’ ಅಂತ ಕೇಳಬೇಡಿ. ಅವನು ನಿಮ್ಮ ಮುಖ ನೋಡಲು ನಾಚಿಕೆಪಟ್ಟು ಭೇಟಿಗೆ ಬರಲು ಒಪ್ಪದಿರಬಹುದು. ಆಗಲೂ ಹೋಗಿ ಬಂದಿದ್ದೆ ಎಂದು ಹೇಳಿಕಳಿಸಿ. ಮುಂದಿನ ವಾರ ಮತ್ತೆ ಹೋಗಿ. ಹಿಂದಿನ ಯೋಜನೆಯಲ್ಲಿ ಯಾವುದು ಹಿಡಿಯಲಿಲ್ಲ ಎಂದು ಪರಿವೀಕ್ಷಣಾಧಿಕಾರಿಯ ಜೊತೆ ಕೂತು ನೋಡಿ. ಕೆಲಸ ತಪ್ಪಿತಾ? ಗಾಂಜಾ ಮತ್ತೆ ಶುರುವಾಯಿತಾ? ಹಳೇ ಕೇಸ್ ನೆನಪಿಟ್ಟು ಪೊಲೀಸರೇ ಕರೆಸಿಕೊಂಡರಾ? ಕಾರಣ ಬೇರೆಯಾದರೆ ಪರಿಹಾರವೂ ಬೇರೆ.

ನಿಮಗೂ ದಣಿವಾಗುತ್ತದೆ. ಒಬ್ಬರೇ ಮಾಡಬೇಡಿ. ಇಬ್ಬರು ಮೂವರು ಸೇರಿ ಮಾಡಿ, ತಿಂಗಳಿಗೊಮ್ಮೆ ಅನುಭವ ಇರುವ ಆಪ್ತಸಮಾಲೋಚಕರ ಜೊತೆ ಮಾತಾಡಿ. ನಿಲ್ಲಿಸಲೇಬೇಕಾದರೆ ಒಂದು ತಿಂಗಳ ಮೊದಲು ಮಗುವಿಗೆ ಹೇಳಿ, ಮುಂದೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ.

9. ದಾಖಲೆ ಮತ್ತು ನೌಕರಿ

ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಒಂದು ದಿನ ಫೋನ್ ಬರುತ್ತದೆ: ‘ಅಣ್ಣಾ, ಕಂಪನಿಯವರು ಪೊಲೀಸ್ ವೆರಿಫಿಕೇಷನ್ ಕೇಳ್ತಿದ್ದಾರೆ, ಏನ್ ಮಾಡ್ಲಿ?’

24ನೇ ಸೆಕ್ಷನ್ ಪ್ರಕಾರ, ಈ ಕಾಯ್ದೆಯಡಿ ತೀರ್ಮಾನವಾದ ಮಗುವಿಗೆ ಆ ಕೇಸಿನಿಂದಾಗಿ ಮುಂದೆ ಯಾವ ಅನರ್ಹತೆಯೂ ತಟ್ಟಬಾರದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶ ಮಾಡಬೇಕು. ಹದಿನಾರು ತುಂಬಿದ್ದು, ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರ ಹಾಗೆ ವಿಚಾರಣೆಯಾಗಿ ತಪ್ಪಿತಸ್ಥರೆಂದು ತೀರ್ಮಾನವಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಇನ್ನು 74ನೇ ಸೆಕ್ಷನ್ ಪೊಲೀಸರಿಗೇ ಹೇಳುತ್ತದೆ: ಮುಗಿದುಹೋದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿಯೂ ಬಹಿರಂಗ ಮಾಡಬಾರದು.

ಠಾಣೆಯಲ್ಲಿ ಇದು ಎಲ್ಲರಿಗೂ ಗೊತ್ತಿರುತ್ತದೆ ಎಂದು ನಂಬಿ ಕೂರಬೇಡಿ. ಕೇಸ್ ಮುಗಿದ ದಿನವೇ ಮಂಡಳಿಯ ಆದೇಶದ ದೃಢೀಕೃತ ಪ್ರತಿ ತೆಗೆಸಿ ಮನೆಯಲ್ಲಿಡಲು ಹೇಳಿ. ಅವಧಿ ಮುಗಿದ ಮೇಲೆ, ದಾಖಲೆ ನಾಶಪಡಿಸಿದ ಬಗ್ಗೆ ತಿಳಿಸಿ ಎಂದು ಕಾನೂನು ನೆರವಿನ ವಕೀಲರ ಮೂಲಕ ಮಂಡಳಿಗೆ ಅರ್ಜಿ ಹಾಕಿಸಿ. ಪರಿಶೀಲನೆಯಲ್ಲಿ ಹಳೇ ಕೇಸ್ ತೋರಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ, ಈ ಎರಡೂ ಸೆಕ್ಷನ್ ನಮೂದಿಸಿ, ಪೊಲೀಸ್ ವರಿಷ್ಠಾಧಿಕಾರಿಗೆ ಪತ್ರ ಹೋಗಲಿ. ನಗರವಾದರೆ ಪೊಲೀಸ್ ಆಯುಕ್ತರಿಗೆ. ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಂಪನಿಯ ಅರ್ಜಿ ತುಂಬುವ ಮೊದಲು, ಕೇಸಿನ ಬಗ್ಗೆ ಕೇಳುವ ಕಾಲಂನಲ್ಲಿ ಏನು ಬರೆಯಬೇಕೆಂದು ಆ ಹುಡುಗ ಅದೇ ವಕೀಲರನ್ನು ಕೇಳಲಿ. ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಅಲ್ಲ, ಅರ್ಜಿ ಕೈಗೆ ಬಂದ ದಿನವೇ.